ಅತ್ತೆಯ ಕೋಣೆ ಮತ್ತು ಎಂಟಡಿ ಗಾಜಿನ ತೊಟ್ಟಿ

ಮೀನು ಸಾಕುವ ಹುಚ್ಚು ನನಗೆ ಹಿಡಿದದ್ದು ದಾವಣಗೆರೆಯ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ದವಡೆ ಹಿಡಿದುಕೊಂಡು, ಸರದಿ ಇನ್ನೂ ಬರಲಿಲ್ಲವೆಂದು ಎಲ್ಲರ ಮೇಲೂ ಸಿಡಿಮಿಡಿಗುಟ್ಟುತ್ತ ಕೂತಿದ್ದೆ. ಎದುರಿಗೆ ಗೋಡೆಯುದ್ದಕ್ಕೂ ಒಂದು ಗಾಜಿನ ತೊಟ್ಟಿ. ಅಂಗೈ ಅಗಲದ ಕಿತ್ತಳೆ ಬಣ್ಣದ ಮೀನೊಂದು ನೇರ ನನ್ನ ಮುಖದ ಎದುರಿಗೆ ಬಂದು ನಿಂತಿತು. ಬಾಯಿ ತೆರೆಯಿತು, ಮುಚ್ಚಿತು. ನಾನೂ ನೋಡಿದೆ, ಅದೂ ನೋಡಿತು. ನರ್ಸು ನನ್ನ ಹೆಸರು ಕೂಗಿದಾಗ, 'ಇನ್ನೊಬ್ಬರನ್ನ ಕಳಿಸಮ್ಮ, ನಾನು ಆಮೇಲೆ ಬರ್ತೀನಿ' ಎಂದುಬಿಟ್ಟೆ. ಹಲ್ಲುನೋವಿನವನ ಬಾಯಲ್ಲಿ ಅಂಥ ಮಾತು ಕೇಳಿ ಆಕೆ ನಕ್ಕಳು.

ನನಗೆ ಚನ್ನಗಿರಿಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ ಇದೆ. ಸಂತೇಬೆನ್ನೂರಿನಿಂದ ಹಿಡಿದು ಬಸವಾಪಟ್ಟಣದವರೆಗೆ ತೋಟಗಳಿಗೆ ನೀರು ಏರಿಸುವುದರಲ್ಲೇ ನನ್ನ ತಲೆ ನರೆತಿದೆ. ನೀರಿನ ವಿಷಯಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಮಗಳನ್ನು ಹೊನ್ನಾಳಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ಇರುವವರು ಮೂರೇ ಜನ: ನಾನು, ನನ್ನ ಹೆಂಡತಿ, ಮತ್ತು ನನ್ನ ಅತ್ತೆ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ತಂಗಿ.

ಊಟದ ಹೊತ್ತಿನಲ್ಲಿ ವಿಷಯ ತೆಗೆದೆ. ಹೆಂಡತಿ ತಟ್ಟೆಗೆ ಸಾರು ಬಡಿಸುತ್ತಿದ್ದವಳು ಸೌಟು ಹಾಗೇ ಹಿಡಿದು ನಿಂತಳು.

"ಲಿಂಗ ಕಟ್ಟಿದ ಮನೇಲಿ ಮೀನಾ? ನಿಮಗೇನಾಗೈತ್ರಿ?"

"ತಿನ್ನಾಕಲ್ಲ ಕಣೇ, ನೋಡಾಕೆ!"

"ನೋಡಾಕೆ ಟಿ.ವಿ. ಐತಲ್ಲ."

ಅತ್ತೆ ತಲೆ ಎತ್ತದೆ ರೊಟ್ಟಿ ಮುರಿಯುತ್ತ, "ಇರ್ಲಿ ಬಿಡಮ್ಮ. ಅವು ನೀರೊಳಗಿರ್ತಾವೆ, ನಮ್ಮ ತಟ್ಟೆಯೊಳಗೇನು ಬರಾಕಿಲ್ಲ" ಎಂದಳು. ನಾನು ಐದು ವರ್ಷದವನಾಗಿದ್ದಾಗಿನಿಂದ ಅತ್ತೆ ಹೀಗೇ. ಇಡೀ ಮನೆ ಒಂದು ಕಡೆ ನಿಂತರೆ ಅವಳು ನನ್ನ ಕಡೆ.

ಅವತ್ತಿನಿಂದ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯೆಲ್ಲ ನನ್ನ ನಕ್ಷೆಗಳೇ. ಉದ್ದ ಎಂಟಡಿ, ಅಗಲ ಎರಡಡಿ, ಎತ್ತರ ಎರಡೂವರೆ. ನೀರೊಂದೇ ಟನ್ನಿನ ಮೇಲಾಯಿತು. ಗಾಜು, ಕಬ್ಬಿಣದ ಸ್ಟ್ಯಾಂಡು, ಒಳಗೆ ಹಾಕುವ ಕಲ್ಲು ಮರಳು ಸೇರಿದರೆ ಮನೆಯ ಹಾಲ್‌ನಲ್ಲಿ ಮೂರು ಎಮ್ಮೆ ಕಟ್ಟಿದಷ್ಟು ಭಾರ. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದು ಹೆಂಡತಿ ಆಡಿಕೊಂಡಳು. ಆಡಿಕೊಳ್ಳಲಿ ಎಂದು ನಾನು ದಾವಣಗೆರೆಗೆ ಹೋಗಿ, ಇಂಥ ತೊಟ್ಟಿ ಮಾಡಿಕೊಡುವವನನ್ನು ಹುಡುಕಿ ಕೂತೆ.

ಆತ ನನ್ನ ನಕ್ಷೆ ನೋಡಿ ತಲೆಯಾಡಿಸಿದ. ತೊಟ್ಟಿ ಇಟ್ಟರೆ ಆಗಲಿಲ್ಲ, ಅಷ್ಟು ದೊಡ್ಡದಕ್ಕೆ ಹಿಂದೆ ಒಂದು ಸಣ್ಣ ರೂಮೇ ಬೇಕು ಎಂದ. ಕೊಳೆ ಸೋಸುವ ತೊಟ್ಟಿ ಒಂದು, ನೀರು ತಿರುಗಿಸುವ ಪಂಪು, ಕರೆಂಟು ಹೋದರೆ ಗಾಳಿ ಕೊಡಲಿಕ್ಕೆ ಬ್ಯಾಟರಿ, ಬೋರಿನ ನೀರನ್ನು ಎರಡು ದಿನ ತಣ್ಣಗಿಡಲು ಒಂದು ಡ್ರಮ್ಮು, ಹೊಸದಾಗಿ ತಂದ ಮೀನನ್ನು ಕೆಲವು ದಿನ ಬೇರೆ ಇಟ್ಟು ನೋಡಲು ಒಂದು ಪುಟ್ಟ ತೊಟ್ಟಿ. ಇಷ್ಟೆಲ್ಲ ಇಡುವ ರೂಮಿಗೆ ನಲ್ಲಿ ಇರಬೇಕು, ನೀರು ಹೋಗುವ ಮೋರಿ ಇರಬೇಕು, ತೇವ ಆರಲು ಕಿಟಕಿ ಇರಬೇಕು. ಗೋಡೆಯ ಈ ಕಡೆ ತೊಟ್ಟಿ, ಆ ಕಡೆ ರೂಮು, ನಡುವೆ ಪೈಪಿಗೆ ಎರಡು ತೂತು. ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಖುಷಿ. ಇದೇನು ಬೇರೆಯಲ್ಲ, ತೋಟದ ಪಂಪ್‌ಹೌಸೇ! ಮನೆಯೊಳಗೆ ಒಂದು ಪಂಪ್‌ಹೌಸು ಕಟ್ಟುವ ಯೋಗ ನನ್ನಂಥವನಿಗೆ ಬಿಟ್ಟು ಇನ್ನಾರಿಗೆ ಬರಬೇಕು ಎಂದುಕೊಂಡೆ.

ಮನೆಗೆ ಬಂದು ಟೇಪು ಹಿಡಿದು ಎಲ್ಲ ಗೋಡೆ ಅಳೆದೆ. ಎಂಟಡಿ ಖಾಲಿ ಗೋಡೆ ಹಾಲಿನಲ್ಲಿ ಎರಡೇ. ಪಡುವಣ ಗೋಡೆಯ ಹಿಂದೆ ನಾವು ಗಂಡ ಹೆಂಡತಿ ಮಲಗುವ ಕೋಣೆ. ಮೂಡಣ ಗೋಡೆಯ ಹಿಂದೆ ಒಂದು ಚಿಕ್ಕ ಕೋಣೆ, ಅದಕ್ಕೆ ಕಿಟಕಿ ಇದೆ, ಬಚ್ಚಲಿನ ಮೋರಿ ಅದರ ಬೆನ್ನಿಗೇ ಹಾದುಹೋಗುತ್ತದೆ. ನೀರು ಈಶಾನ್ಯಕ್ಕಿದ್ದರೆ ಮನೆಗೆ ಶುಭ ಎಂದು ವಾಸ್ತು ತಿಳಿದ ಗಿರಾಕಿಯೊಬ್ಬರು ಅಂಗಡಿಯಲ್ಲಿ ಹೇಳಿದರು. ಆ ಕೋಣೆ ಈಶಾನ್ಯಕ್ಕೇ ಬೀಳುತ್ತದೆ. ಮೋರಿ ಹೊಂದಿತು, ಕಿಟಕಿ ಹೊಂದಿತು, ದಿಕ್ಕೂ ಹೊಂದಿತು. ಹೊಂದದೆ ಇದ್ದದ್ದು ಒಂದೇ. ಆ ಕೋಣೆಯಲ್ಲಿ ಐವತ್ತು ವರ್ಷದಿಂದ ಅತ್ತೆ ಇದ್ದಳು.

ಅವಳನ್ನು ಜಗಳೂರಿನ ಕಡೆ ಕೊಟ್ಟಿದ್ದರು. ಅಲ್ಲಿ ನೀರಿನ ಕಷ್ಟ. ಮದುವೆಯಾದ ಮೂರು ವರ್ಷ ಅವಳು ಹೆಚ್ಚಾಗಿ ಮಾಡಿದ್ದು ಕೊಡ ಹೊತ್ತು ನಡೆದದ್ದೇ ಎಂದು ಅಮ್ಮ ಹೇಳುತ್ತಿದ್ದಳು. ಆಮೇಲೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಅತ್ತೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಅಪ್ಪ ಒಂದು ಮಾತೂ ಕೇಳದೆ, ಬಿತ್ತನೆ ಬೀಜ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, "ತಂಗೀ, ಇದು ನಿಂದು" ಎಂದನಂತೆ. ಅಪ್ಪ ತೀರಿಕೊಂಡ ಮೇಲೆ ಆ ಮಾತನ್ನು ಮತ್ತೆ ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕು ಎಂದು ನನಗೂ ಹೊಳೆದಿರಲಿಲ್ಲ.

ನಾನು ಬೆಳೆದದ್ದು ಆ ಕೋಣೆಯಲ್ಲೇ. ಅಮ್ಮನಿಗೆ ದನ, ತೋಟ, ಅಡುಗೆ, ನನಗೆ ಅತ್ತೆ. ಮೈಮೇಲೆ ಸಿಡುಬಿನ ಅಮ್ಮ ಎದ್ದಾಗ ಬೇವಿನ ಸೊಪ್ಪು ಹಾಸಿ ಹದಿನೈದು ದಿನ ನನ್ನನ್ನು ಅಲ್ಲೇ ಮಲಗಿಸಿಕೊಂಡಿದ್ದಳು. ಮಗ್ಗಿ ಕಲಿತದ್ದು ಅಲ್ಲಿ, ಪರೀಕ್ಷೆಯಲ್ಲಿ ನಪಾಸಾಗಿ ಅಪ್ಪನಿಗೆ ಹೆದರಿ ಅವಿತು ಕೂತದ್ದು ಅಲ್ಲಿ. ಬೆಳಗ್ಗೆ ಅವಳು ಲಿಂಗಪೂಜೆಗೆ ಕೂತರೆ ನಾನು ಪಕ್ಕದಲ್ಲಿ ಕೂತು ಬಾಳೆಹಣ್ಣಿಗೆ ಕಾಯುತ್ತಿದ್ದೆ. ಇಷ್ಟೆಲ್ಲ ಗೊತ್ತಿದ್ದವನು ಅಂದು ಟೇಪು ಹಿಡಿದು ಹತ್ತಡಿ, ಎಂಟಡಿ ಎಂದು ಬರೆದುಕೊಂಡು ಹೊರಗೆ ಬಂದೆ. ನನ್ನನ್ನು ನಾನೇ ಬೈದುಕೊಳ್ಳಲು ಈಗಲೂ ಸರಿಯಾದ ಮಾತು ಸಿಕ್ಕಿಲ್ಲ.

ಅವಳು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅತ್ತೆ, ನೀನಿರೋ ಕೋಣೆ ನಂಗೆ ಬೇಕಾಗೈತೆ. ಮೀನಿನ ಪಂಪ್‌ಹೌಸಿಗೆ. ನಿಂಗೆ ಮಹಡಿ ಮೇಲೆ ಹೊಸ ರೂಮು ಮಾಡಿಸ್ಕೊಡ್ತೀನಿ, ಗಾಳಿ ಬೆಳಕು ಚೆನ್ನಾಗಿರ್ತೈತೆ."

ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದಳು. "ಮಾಡಪ್ಪ" ಎಂದಳು. "ನಿನ್ ಮನೆ."

ನನಗೆ ಕೇಳಿಸಿದ್ದು 'ಮಾಡಪ್ಪ' ಎಂಬುದಷ್ಟೇ. ಒಳಗೆ ಬಂದರೆ ಹೆಂಡತಿ ಎದುರಿಗೆ ನಿಂತಿದ್ದಳು.

"ಎಪ್ಪತ್ತು ದಾಟಿದೋರನ್ನ ಮೆಟ್ಲು ಹತ್ತಿಸ್ತೀರಾ? ಅವರ ಮೊಣಕಾಲು ಹೆಂಗೈತೆ ಅಂತ ಗೊತ್ತೇನ್ರಿ ನಿಮಗೆ?"

"ಅವಳೇ ಹೂಂ ಅಂದ್ಲಲ್ಲ! ನಿಂದೇನು ನಡುವೆ?" ಎಂದು ರೇಗಿದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಗೆದ್ದೆ ಎಂದು ತಿಳಿದುಕೊಳ್ಳುವುದು ನನ್ನ ಹಳೆಯ ಚಾಳಿ.

ವಿಚಿತ್ರವೆಂದರೆ, ಆಮೇಲೆ ಆ ನಕ್ಷೆಯಲ್ಲಿ ಎಲ್ಲರಿಗಿಂತ ಆಸಕ್ತಿ ಅತ್ತೆಗೇ ಬಂತು. ಸಂಜೆ ಅಂಗಡಿಯಿಂದ ಬಂದರೆ, "ಎಲ್ಲಿಗೆ ಬಂತೋ ನಿನ್ ಪಂಪ್‌ಹೌಸು?" ಎಂದು ಕೇಳುವಳು. ನಾನು ಹಾಳೆ ಹರವಿ ತೋರಿಸುತ್ತಿದ್ದೆ: ಇಲ್ಲಿ ಸೋಸುವ ತೊಟ್ಟಿ, ಇಲ್ಲಿ ಡ್ರಮ್ಮು, ಇಲ್ಲಿ ಬ್ಯಾಟರಿಗೆ ಹಲಗೆ. ಹಲಗೆ ಬರಬೇಕಾದ ಜಾಗದಲ್ಲಿ ಅವಳ ವಿಭೂತಿ ಗಟ್ಟಿ ಇಡುವ ಗೂಡಿತ್ತು. ಡ್ರಮ್ಮಿನ ಜಾಗದಲ್ಲಿ ಅವಳ ಹಾಸಿಗೆ. ಇಬ್ಬರೂ ಅದನ್ನು ಹೇಳಲಿಲ್ಲ.

"ವಾರಕ್ಕೊಂದ್ಸಲ ಕಾಲುಭಾಗ ನೀರು ಬದಲಾಯಿಸ್ಬೇಕು ಅತ್ತೆ."

"ತೆಗೆದ ನೀರು ಏನ್ ಮಾಡ್ತೀಯ?"

"ಮೋರಿಗೆ."

ಅವಳ ಮುಖ ಬಿಗಿಯಿತು. "ಅಷ್ಟು ನೀರು ಮೋರಿಗೆ ಬಿಡ್ತಾರೇನೋ? ಜಗಳೂರಲ್ಲಿ ಎರಡು ಕೊಡಕ್ಕೆ ಎಷ್ಟು ದೂರ ನಡೀತಿದ್ದೆ ನಾನು. ಮೀನು ಇದ್ದ ನೀರು ಗೊಬ್ಬರ ಇದ್ದಂಗೆ. ಒಂದು ಪೈಪು ಹಿತ್ತಲಿಗೆ ಹಾಕು, ಮಲ್ಲಿಗೆ ಬಳ್ಳಿಗೆ ಹೋಗ್ಲಿ."

ನಾನು ಪೆನ್ನು ತೆಗೆದು ಕಿಟಕಿಯ ಕೆಳಗೆ ಒಂದು ಪೈಪು ಬರೆದೆ. ತನ್ನನ್ನೇ ಹೊರಗೆ ಹಾಕುವ ನಕ್ಷೆಯನ್ನು ಅವಳು ತಿದ್ದಿ ಕೊಡುತ್ತಿದ್ದಾಳೆ ಎಂಬುದು ನನ್ನ ದಡ್ಡ ತಲೆಗೆ ಹೋಗಲೇ ಇಲ್ಲ. ಅತ್ತೆಗೆ ಖುಷಿಯಾಗಿದೆ ಎಂದುಕೊಂಡು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ತೊಟ್ಟಿ ಬಂದ ದಿನ ಬೀದಿಯವರೆಲ್ಲ ಸೇರಿದರು. ಸಣ್ಣ ಲಾರಿಯಲ್ಲಿ ಕಂಬಳಿ ಸುತ್ತಿ ತಂದಿದ್ದರು. ಎಂಟು ಜನ ಹಿಡಿದು ಒಳಗೆ ಇಳಿಸಿ, ಹಾಲಿನ ಮೂಡಣ ಗೋಡೆಗೆ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಮೂರು ದಿನ ಬರೀ ನೀರು ತುಂಬಿಸಿಟ್ಟು, ಎಲ್ಲೂ ಸೋರದಿದ್ದರೆ ಮಾತ್ರ ಮುಂದಿನ ಕೆಲಸ ಎಂದು ಮಾಡಿಕೊಟ್ಟವನು ಹೇಳಿಹೋದ. ಪಂಪು ತಾನೇ ತಂದು ಕೂರಿಸುತ್ತೇನೆ ಎಂದೂ ಹೇಳಿದ್ದ. ಪಂಪಿನ ಅಂಗಡಿಯವನಿಗೆ ಪಂಪು ತಂದುಕೊಡುತ್ತಾನಂತೆ! ನನಗೆ ಮೈ ಉರಿಯಿತು.

ನಮ್ಮ ಕಡೆ ನೀರನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಬೀಳುವ ಧಾರೆಯ ದಪ್ಪದಲ್ಲಿ ಅಳೆಯುತ್ತೇವೆ. ಬೋರು ಕೊರೆಸಿದವನನ್ನು ಎಷ್ಟು ಬಿತ್ತು ಎಂದು ಕೇಳಿದರೆ 'ಒಂದೂವರೆ ಇಂಚು', 'ಎರಡಿಂಚು' ಎನ್ನುತ್ತಾನೆ. ಎರಡಿಂಚು ಬಿದ್ದವನು ಮೀಸೆ ತಿರುವುತ್ತಾನೆ. ಇಷ್ಟು ದೊಡ್ಡ ತೊಟ್ಟಿಗೆ ಎರಡಿಂಚು ನೀರಾದರೂ ತಿರುಗದಿದ್ದರೆ ಮರ್ಯಾದೆಯೇ ಎಂದು ನಾನೂ ಲೆಕ್ಕ ಹಾಕಿದೆ. ಅಂಗಡಿಯಿಂದ ಒಂದು ಎಚ್.ಪಿ. ಮೋಟರು ತಂದು, ಎರಡಿಂಚಿನ ಪೈಪು ಜೋಡಿಸಿ, ಹೆಂಡತಿಯನ್ನೂ ಅತ್ತೆಯನ್ನೂ ಕುರ್ಚಿ ಹಾಕಿ ಕೂರಿಸಿ ಸ್ವಿಚ್ಚು ಒತ್ತಿದೆ.

ನೀರು ತೊಟ್ಟಿಯ ಈ ತುದಿಯಿಂದ ನೆಗೆದು ಆ ತುದಿಯ ಗಾಜಿಗೆ ಬಡಿದು ಮೇಲೆದ್ದು, ಎದುರು ಗೋಡೆಯ ಗಡಿಯಾರಕ್ಕೆ ಹೊಡೆಯಿತು. ಗಡಿಯಾರ ಬಿತ್ತು. ಎರಡನೆಯ ಅಲೆ ಟಿ.ವಿ.ಗೆ. ನಾನು ಸ್ವಿಚ್ಚಿನ ಕಡೆ ಓಡಿ ಜಾರಿ ಬಿದ್ದೆ. ಹೆಂಡತಿ, "ಅಯ್ಯೋ ಶಿವನೇ, ಬಂದ್ ಮಾಡ್ರಿ, ಬಂದ್ ಮಾಡ್ರಿ!" ಎಂದು ಕಿರುಚಿದಳು. ಕೊನೆಗೆ ಮೀಟರ್ ಬೋರ್ಡಿನ ಫ್ಯೂಸು ಕಿತ್ತದ್ದೂ ಅವಳೇ. ನಾನು ಒದ್ದೆ ನೆಲದಲ್ಲಿ ಕಾಲು ಚಾಚಿ ಕೂತೇ ಇದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅತ್ತೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಲೇ, ಮೀನು ಸಾಕ್ತೀಯೋ, ಅಡಿಕೆ ತೋಟಕ್ಕೆ ನೀರು ಹಾಯಿಸ್ತೀಯೋ?" ಎಂದಳು. ಅವಳು ಹಾಗೆ ನಗುವುದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ನನ್ನ ಸಿಟ್ಟು ಅಲ್ಲೇ ಇಳಿದು ನಾನೂ ನಕ್ಕೆ. ಆಮೇಲೆ ಅವಳೇ ಸೀರೆ ಎತ್ತಿ ಕಟ್ಟಿ, ನೆಲದ ನೀರನ್ನು ಬಟ್ಟೆಯಲ್ಲಿ ಹಿಂಡಿ ಹಿಂಡಿ ಬಕೆಟ್ಟಿಗೆ ತುಂಬಿ, ಬೇಡವೆಂದರೂ ಕೇಳದೆ ಹಿತ್ತಲಿಗೆ ಒಯ್ದು ಬಳ್ಳಿಗೆ ಹಾಕಿ ಬಂದಳು.

ಮುಂದಿನ ಸೋಮವಾರ ಗಾರೆಯವನು ಬಂದು ಗೋಡೆಗೆ ತೂತು ಹಾಕುವುದು ಎಂದು ಮಾತಾಯಿತು. ಮಹಡಿಯ ರೂಮಿನ್ನೂ ಇಟ್ಟಿಗೆ ಕಂಡಿರಲಿಲ್ಲ. ಗುರುವಾರ ಬೆಳಗ್ಗೆ ಅತ್ತೆ, "ನ್ಯಾಮತಿಗೆ ಹೋಗಿ ಬರ್ತೀನಿ ಕಣಪ್ಪ, ತಂಗಿ ಕರೀತಿದಾಳೆ" ಎಂದಳು. ನ್ಯಾಮತಿಯಲ್ಲಿ ಅವಳ ತಂಗಿ, ನನ್ನ ಚಿಕ್ಕತ್ತೆ ಇದ್ದಾಳೆ. ಒಳ್ಳೆಯದೇ ಆಯಿತು, ಧೂಳು ಗಲಾಟೆ ಮುಗಿಯುವವರೆಗೆ ಅಲ್ಲಿರಲಿ ಎಂದುಕೊಂಡೆ. ಮಧ್ಯಾಹ್ನ ಅವಳೇ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಳು, ನಾನು ಅಂಗಡಿಯಿಂದ ಓಡಿಹೋಗಿ, ನ್ಯಾಮತಿಯ ದಾರಿಯ ಹೊನ್ನಾಳಿ ಬಸ್ಸು ಹತ್ತಿಸಿದೆ. ಅವಳ ಹಳೆಯ ಟ್ರಂಕು ಜೊತೆಗಿತ್ತು. ಸೆರಗಿನಲ್ಲಿ ಏನೋ ಭಾರದ ಗಂಟು ಇತ್ತು. ನಾನು ಏನೆಂದು ಕೇಳಲಿಲ್ಲ. "ಆರಾಮಾಗಿ ಇದ್ದು ಬಾ" ಎಂದೆ. ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. ಗಿರಾಕಿಗಳು ಕಾಯುತ್ತಿದ್ದರು, ನಾನು ವಾಪಸು ಓಡಿದೆ.

ಭಾನುವಾರ ಅಂಗಡಿಗೆ ರಜೆ. ತೂತು ಎಲ್ಲಿ ಬರಬೇಕು ಎಂದು ಗುರುತು ಹಾಕಲು ಸೀಮೆಸುಣ್ಣ ಹಿಡಿದು ಅತ್ತೆಯ ಕೋಣೆಗೆ ಹೋದೆ. ಸಾಮಾನು ಸರಿಸಬೇಕಾದೀತು ಎಂದು ಪಂಚೆ ಎತ್ತಿ ಕಟ್ಟಿಕೊಂಡೇ ಹೋಗಿದ್ದೆ. ಸರಿಸಲು ಏನೂ ಇರಲಿಲ್ಲ. ಹಾಸಿಗೆ ಮಡಿಸಿ, ಸುತ್ತಿ, ಹಗ್ಗ ಬಿಗಿದು ಮೂಲೆಗಿಟ್ಟಿತ್ತು. ಗೂಡು ಒರೆಸಿ ಖಾಲಿ. ಬಟ್ಟೆ ಹಾಕುವ ಹಗ್ಗವನ್ನೂ ಬಿಚ್ಚಿಟ್ಟಿದ್ದಳು. ನೆಲ ಸಾರಿಸಿ ಒಂದು ಚಿಕ್ಕ ರಂಗೋಲಿ ಎಳೆದಿದ್ದಳು. ಗೋಡೆಯ ಮೇಲೆ, ಅವಳು ಪೂಜೆ ಮುಗಿಸಿ ಒರಗಿ ಕೂರುತ್ತಿದ್ದ ಕಡೆ, ಎಣ್ಣೆಯ ಒಂದು ಕಪ್ಪು ಗುರುತು ಮಾತ್ರ ಉಳಿದಿತ್ತು. ಎಷ್ಟು ತಿಕ್ಕಿದರೂ ಅದು ಹೋಗಿರಲಿಲ್ಲವೇನೋ, ಸುತ್ತ ತಿಕ್ಕಿದ ಗೀರುಗಳಿದ್ದವು.

ಪೈಪಿನ ತೂತು ಬರಬೇಕಾದ ಜಾಗ ಸರಿಯಾಗಿ ಅದೇ. ಸೀಮೆಸುಣ್ಣ ಹಿಡಿದ ಕೈ ಮೇಲೇಳಲಿಲ್ಲ.

"ಏನೇ ಇದು? ನಾಲ್ಕು ದಿನಕ್ಕೆ ಹೋಗೋರು ಹಿಂಗೆ ಗುಡಿಸಿ ಸಾರಿಸಿ ಹೋಗ್ತಾರೇನೇ?" ಎಂದು ಹೆಂಡತಿಯನ್ನು ಕೂಗಿದೆ.

ಅವಳು ಬಾಗಿಲಿಗೆ ಬಂದು ನಿಂತಳು. ಗುರುವಾರದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಮಡಿಲಕ್ಕಿ ಕೇಳಿದ್ರು ರೀ" ಎಂದಳು.

"ಯಾರು?"

"ಅತ್ತೆಮ್ಮ. ಹೊರಡೋ ಮುಂಚೆ ದೇವರ ಮುಂದೆ ಬಂದು ಕೂತು, ಒಂದಿಷ್ಟು ಮಡಿಲಕ್ಕಿ ಹಾಕಮ್ಮ ಅಂದ್ರು."

ಇದನ್ನು ಓದುವ ಬೇರೆ ಕಡೆಯವರಿಗೆ ಹೇಳಬೇಕು. ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ತುಂಬಿ ಕಳಿಸುತ್ತೇವೆ. ಅದು ತವರು ಬಿಟ್ಟು ತನ್ನ ಮನೆಗೆ ಹೋಗುವವಳಿಗೆ. ಮಗಳು ಹೊನ್ನಾಳಿಗೆ ಹೊರಟಾಗಲೆಲ್ಲ ನನ್ನ ಹೆಂಡತಿ ಹಾಕುತ್ತಾಳೆ. ಮನೆಯಲ್ಲೇ ಇರುವವರಿಗೆ, ಹೋಗಿ ಬರುವವರಿಗೆ ಯಾರೂ ಹಾಕುವುದಿಲ್ಲ. ಐವತ್ತು ವರ್ಷದಲ್ಲಿ ಅತ್ತೆ ನ್ಯಾಮತಿಗೆ ನೂರು ಸಲ ಹೋಗಿ ಬಂದಿದ್ದಳು, ಒಮ್ಮೆಯೂ ಮಡಿಲಕ್ಕಿಯ ಮಾತು ಬಂದಿರಲಿಲ್ಲ. ಈ ಮನೆ ಅವಳದೇ ಆಗಿದ್ದರಿಂದ ಬಂದಿರಲಿಲ್ಲ. ಈ ಸಲ ಅವಳು ಕೇಳಿ ತುಂಬಿಸಿಕೊಂಡು ಹೋಗಿದ್ದಳು.

"ಹಾಕಿದ್ಯಾ?"

"ಕೇಳಿದ ಮಡಿಲಕ್ಕೀನ ಇಲ್ಲ ಅನ್ನಾಕಾಗ್ತದೇನ್ರಿ? ಹಾಕಿದೆ. ಹೊಸಿಲು ಮುಟ್ಟಿ ನಮಸ್ಕಾರ ಮಾಡಿ ಹೋದ್ರು."

"ನಂಗೆ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಅರಚಿದೆ.

"ಹೇಳಿದ್ರೆ ಕೇಳೋರಾ ನೀವು?" ಎಂದು ಅವಳೂ ಅರಚಿದಳು. ಆಮೇಲೆ ಇಬ್ಬರೂ ಆ ಖಾಲಿ ಕೋಣೆಯಲ್ಲಿ ಕೂತೆವು. ಅವಳು ಅತ್ತಳು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪಂಚೆಯಲ್ಲೇ ಬೈಕು ಹತ್ತಿದೆ. ಬಸವಾಪಟ್ಟಣ ದಾಟಿದ್ದು ನೆನಪಿಲ್ಲ. ಹೊನ್ನಾಳಿ ಸೇತುವೆಯ ಮೇಲೆ ಮಗಳ ಮನೆಗೆ ಹೋಗಿ ಒಂದು ಲೋಟ ನೀರು ಕುಡಿಯೋಣವೆನಿಸಿತು. ಏನಪ್ಪ ವಿಷಯ ಎಂದು ಅವಳು ಕೇಳಿದರೆ ಯಾವ ಬಾಯಲ್ಲಿ ಹೇಳಲಿ? ನಿಲ್ಲಿಸದೆ ನ್ಯಾಮತಿಗೆ ಹೋದೆ.

ಚಿಕ್ಕತ್ತೆಯ ಮನೆಯ ಜಗಲಿಯ ಮೇಲೆ ಅತ್ತೆ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮನೆತುಂಬ ಮೊಮ್ಮಕ್ಕಳು, ಬಂದವರು ಹೋದವರು. ನಡುಮನೆಯಿಂದ ಹಿತ್ತಲಿಗೆ ಹೋಗುವ ದಾರಿಯಲ್ಲಿ ಅವಳ ಟ್ರಂಕು ಇತ್ತು, ಅದರ ಮೇಲೆ ಯಾರದೋ ಶಾಲೆಯ ಚೀಲ. ನನ್ನನ್ನು ನೋಡಿ ಮುಖ ಅರಳಿಸಿ, "ಊಟ ಆತೇನೋ?" ಎಂದಳು.

"ಅತ್ತೆ, ಹೊರಡು, ಮನೆಗೆ ಹೋಗಾಣ."

"ಈಗ್ಲೇ ಯಾಕೋ? ಯುಗಾದಿ ಬರ್ಲಿ. ಹಬ್ಬಕ್ಕೆ ಕರಿಯಾಕೆ ಬಾ, ಬರ್ತೀನಿ. ನಾಲ್ಕು ದಿನ ಇದ್ದು, ನಿನ್ ಮೀನು ನೋಡ್ಕೊಂಡು ಬರ್ತೀನಿ."

ಮಗಳಿಗೆ ಹೇಳುವ ಮಾತು ಅದು. ಕೊಟ್ಟ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯಲು ಹೋಗುತ್ತಾರೆ, ಅವಳು ಬಂದು ನಾಲ್ಕು ದಿನ ಇರುತ್ತಾಳೆ. ಅದನ್ನು ಅವಳು ನಗುತ್ತಲೇ ಹೇಳಿದಳು. ಜಗಲಿಯ ಕಂಬ ಹಿಡಿದು ಕೂತೆ. ಜೇಬಿನಲ್ಲಿದ್ದ ಕ್ಯಾಲೆಂಡರ್ ಹಾಳೆ ತೆಗೆದು ಅವಳ ಮೊರದ ಪಕ್ಕ ಹರವಿದೆ.

"ನೋಡು, ಆ ಗೋಡೆ ಬ್ಯಾಡ. ಪಡುವಣ ಗೋಡೆಗೆ ತೊಟ್ಟಿ ಇಡ್ತೀನಿ. ಹಿಂದೆ ನಾವು ಮಲಗೋ ರೂಮು. ಅದರ ಮೂಲೇಲಿ ಅಡ್ಡ ಗೋಡೆ ಎಬ್ಬಿಸಿ ಪಂಪ್‌ಹೌಸು ಮಾಡ್ತೀನಿ. ಮೋರಿಗೆ ಮೂವತ್ತಡಿ ಪೈಪು ಎಳೀಬೇಕಾಗ್ತೈತೆ, ಎಳೀತೀನಿ, ನನ್ನ ಅಂಗಡೀಲಿ ಪೈಪಿಗೇನು ಬರವಾ?"

ಅವಳು ಹುಣಸೆಯ ಕೈಯನ್ನು ದೂರ ಹಿಡಿದು, ಹಾಳೆಯ ಮೇಲೆ ಬಗ್ಗಿ ನೋಡಿದಳು.

"ಬೀರು ಎಲ್ಲಿಡ್ತೀಯ?"

"ಎಲ್ಲಾದ್ರೂ ಇಡ್ತೀನಿ."

"ಮೋಟರ್ ಸದ್ದಾಗಾಕಿಲ್ವಾ?"

"ಸಣ್ಣ ಮೋಟರು ಹಾಕ್ತೀನಿ. ಈಗ ಬುದ್ಧಿ ಬಂದೈತೆ."

"ನಿನ್ ಹೆಂಡ್ತಿ ಏನಂದ್ಲು?"

ನಾನು ಹಾಳೆಯ ಮಡಿಕೆ ಸರಿಮಾಡಿದೆ. ಈ ನಕ್ಷೆ ನನಗೆ ಹೊಳೆದದ್ದೇ ದಾರಿಯಲ್ಲಿ.

"ಕೇಳಿಲ್ಲ ಅಲ್ವಾ?" ಎಂದಳು ಅತ್ತೆ. "ಅವ್ಳು ಮಲಗೋ ರೂಮು ಅದು. ಫೋನ್ ಮಾಡು."

ಜಗಲಿಯಿಂದಲೇ ಫೋನ್ ಮಾಡಿದೆ. ಹೆಂಡತಿ ಎಲ್ಲ ಕೇಳಿ, "ಮೊದ್ಲು ಅವರನ್ನ ಕರ್ಕೊಂಡು ಬರ್ರಿ" ಎಂದಳು. ಆಮೇಲೆ, "ಸದ್ದೇನಾದ್ರೂ ಬಂದ್ರೆ ನಿಮ್ಮನ್ನೂ ಮೀನುಗಳನ್ನೂ ಒಟ್ಟಿಗೆ ಹೊರಗೆ ಹಾಕ್ತೀನಿ, ಈಗ್ಲೇ ಹೇಳಿದೀನಿ" ಎಂದಳು. ಫೋನು ಇಟ್ಟು ಅತ್ತೆಯ ಕಡೆ ತಿರುಗಿದೆ. ಅವಳು ಮತ್ತೆ ಬೀಜ ಬಿಡಿಸುವುದರಲ್ಲಿ ತೊಡಗಿದ್ದಳು. ನನಗೆ ತಡೆಯಲಾಗಲಿಲ್ಲ.

"ಬ್ಯಾಡ ಅಂತ ಒಂದ್ ಮಾತು ಅಂದಿದ್ರೆ ಏನಾಗ್ತಿತ್ತು ಅತ್ತೆ? ನನ್ ಕೆನ್ನೆಗೆ ಎರಡು ಬಾರಿಸಿದ್ರೂ ಸುಮ್ನಿರ್ತಿದ್ದೆನಲ್ಲ!" ನನ್ನ ಧ್ವನಿ ಬೀದಿಗೆ ಕೇಳುವಷ್ಟು ಏರಿತ್ತು. ಸಿಟ್ಟು ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಅವಳು ಮೊರ ಪಕ್ಕಕ್ಕಿಟ್ಟಳು.

"ಒಂದ್ಸಲ ಅಂದಿದ್ದೆ ಕಣಪ್ಪ" ಎಂದಳು ಮೆಲ್ಲಗೆ. "ಜಗಳೂರಲ್ಲಿ. ಅವ್ಳನ್ನ ಕರ್ಕೊಂಡು ಬಂದು, ಒಳಗಿನ ಕೋಣೆ ಇವಳಿಗೆ ಬಿಟ್ಕೊಡು ಅಂದ. ಬ್ಯಾಡ, ಕೊಡಾಕಿಲ್ಲ ಅಂದೆ. ಸಂಜೆ ಟ್ರಂಕು ಹೊರಗಿತ್ತು. ಅವತ್ತಿಂದ ಯಾರಿಗೂ ಆ ಮಾತು ಅಂದಿಲ್ಲ. ಅಂದ್ರೆ ಇದ್ದದ್ದೂ ಹೋಗ್ತೈತಲ್ಲ."

ನನ್ನ ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ. ನನಗಂತೂ ಐವತ್ತು ವರ್ಷ ಗೊತ್ತಿರಲಿಲ್ಲ. ಆಮೇಲೆ ಎದ್ದು, ಜಗಲಿ ಇಳಿದು, ಅವಳ ಮುಂದೆ ನೆಲದ ಮೇಲೆ ಕೂತೆ.

"ಈಗ ಕೇಳ್ತೀನಿ ಅತ್ತೆ. ಸರಿಯಾಗಿ ಕೇಳ್ತೀನಿ. ಮೀನಿಗೆ ನಿನ್ ಕೋಣೆ ಕೊಡ್ತೀಯಾ?"

ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು. ತುಟಿ ಒಮ್ಮೆ ಅಲುಗಿತು, ನಿಂತಿತು. ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಳು. ನಾನು ಕದಲಲಿಲ್ಲ.

"ಕೊಡಾಕಿಲ್ಲ" ಎಂದಳು. ಉಸಿರಿನಷ್ಟೇ ಸದ್ದು.

"ಕೇಳಿಸ್ಲಿಲ್ಲ."

"ಕೊಡಾಕಿಲ್ಲ ಹೋಗಲೇ!" ಎಂದು ಗದರಿದಳು. ಎಷ್ಟು ಜೋರಾಗಿ ಎಂದರೆ ಚಿಕ್ಕತ್ತೆ ಏನಾಯಿತೋ ಎಂದು ಒಳಗಿನಿಂದ ಓಡಿ ಬಂದಳು.